ತಣ್ಣೀರು, ಎರಡು ಸಲ

ನಮ್ಮಕ್ಕನಿಗೆ ಕೊಳೆ ಸಹಿಸುವ ಗುಣ ಇರಲಿಲ್ಲ. ಚಿಕ್ಕಂದಿನಿಂದ ಹೀಗೆಯೇ. ಊಟಕ್ಕೆ ಕೂತರೆ ಮೊದಲು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಬಳಸಿದ ಟವೆಲನ್ನು ಸತ್ತ ಇಲಿಯನ್ನು ಸಾಗಿಸುವ ಹಾಗೆ ಎರಡೇ ಬೆರಳಲ್ಲಿ ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದಾಗ, ಕಾರಣ ಕೇಳಿದವರಿಗೆಲ್ಲ "ಅವರ ಮನೆ ಸಿಂಕ್ ನೋಡಿದೀರಾ?" ಎಂದಳು. ಬೇರೆ ಕಾರಣಗಳೂ ಇದ್ದವು. ಬಾಯಿಬಿಟ್ಟು ಹೇಳಿದ್ದು ಇದೊಂದನ್ನೇ.

ಇಂಥವಳು ಹುಟ್ಟಿದ್ದು ವೈನ್ ಮಾಡುವ ಮನೆಯಲ್ಲಿ. ಲೋಟದಲ್ಲಿ ವೈನ್ ನೋಡಿದವರಿಗೆ ಅದು ನಾಜೂಕಿನ ಕಸುಬು ಅನ್ನಿಸುತ್ತದೆ. ಮಾಡುವವರಿಗೆ ಅದು ಒದ್ದೆ ನೆಲ, ನೊಣ, ಕೊಳೆಯುವ ಸಿಪ್ಪೆಯ ರಾಶಿ, ಎಷ್ಟು ಉಜ್ಜಿದರೂ ಹೋಗದ ಉಗುರಿನ ಕಪ್ಪು. ಕೊಯ್ಲಿನ ತಿಂಗಳಲ್ಲಿ ನಮ್ಮ ಮನೆಯ ಬಾಗಿಲ ಹಿಡಿಕೆಗಳೂ ಅಂಟಂಟು. ಆ ತಿಂಗಳು ಅಕ್ಕ ರಬ್ಬರ್ ಕೈಗವಸು ಹಾಕಿಕೊಂಡೇ ಊಟ ಬಡಿಸುತ್ತಿದ್ದಳು.

ನಾವು ಎರಡು ಬಗೆಯ ವೈನ್ ಮಾಡುತ್ತಿದ್ದೆವು. ಒಂದು, ಸ್ಟೀಲ್ ಟ್ಯಾಂಕಿನಲ್ಲಿ ಮಾಡಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಹೋಟೆಲುಗಳಿಗೆ ಕೊಡುವುದು. ಅದಕ್ಕೆ ಹೆಸರಿಲ್ಲ, ಚೀಟಿಯೂ ಇಲ್ಲ. ಕ್ಯಾನ್ ಹೇರಿದ ವ್ಯಾನ್ ಓಡಿಸುವುದು ನನ್ನ ಕೆಲಸ. ಇನ್ನೊಂದು, ಮೇಲಿನ ತೋಟದ ಹಳೆಯ ಬಳ್ಳಿಗಳ ಹಣ್ಣಿನಿಂದ ಮಾಡಿ, ನೆಲಮಾಳಿಗೆಯ ಮೂರು ಮರದ ಪೀಪಾಯಿಗಳಲ್ಲಿ ವರ್ಷ ಹತ್ತಿರ ಇಟ್ಟು, ಬಾಟಲಿಗೆ ತುಂಬಿ ನಮ್ಮ ಮನೆಯ ಚೀಟಿ ಅಂಟಿಸುವ ಕೆಂಪು ವೈನ್, ಮನೆಮಾತಿನಲ್ಲಿ ಬರೀ ಕೆಂಪು. ಊರಿನಲ್ಲಿ ನಮ್ಮ ಮನೆಗೆ ಮರ್ಯಾದೆ ಇದ್ದದ್ದು ಈ ಎರಡನೆಯದರಿಂದ. ಹೊಟ್ಟೆ ತುಂಬುತ್ತಿದ್ದದ್ದು ಮೊದಲನೆಯದರಿಂದ.

ಆ ಮೂರು ಪೀಪಾಯಿಗಳನ್ನು ಮುತ್ತಜ್ಜ ಯಾರಿಂದಲೋ ಕೊಂಡಾಗಲೇ ಅವು ಹಳೆಯವಾಗಿದ್ದವಂತೆ. ದೊಡ್ಡದಕ್ಕೆ ಅಜ್ಜ ಅಂತ ಹೆಸರು, ಪಕ್ಕದ್ದು ಅಜ್ಜಿ. ಮೂರನೆಯದರ ಕೆಳಗೆ ಒಂದು ಕಡೆ ಮರದ ತುಂಡು ಕೊಟ್ಟು ನಿಲ್ಲಿಸಬೇಕಾಗಿದ್ದರಿಂದ ಅದು ಕುಂಟ.

ಅವುಗಳಿಂದ ಇಳಿದ ಕೆಂಪಿಗೆ ಒಂದು ವಾಸನೆ ಇತ್ತು. ಬಿರಡೆ ತೆಗೆದ ಕೂಡಲೇ ಚಪ್ಪಲಿ ಅಂಗಡಿಗೆ ಕಾಲಿಟ್ಟ ಹಾಗಾಗುತ್ತಿತ್ತು, ಹೊಸ ಚರ್ಮದ ವಾಸನೆ. ಅದರ ಹಿಂದೆ ಲವಂಗ. ಬಹಳ ಹೊತ್ತು ಬಿಟ್ಟು, ಬಿಸಿಲಲ್ಲಿ ಬಾಡಿದ ಕಪ್ಪು ದ್ರಾಕ್ಷಿ. ಮೊದಲ ಸಲ ಕುಡಿಯುವವರು ಮೂಗು ಮುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಾವು ಅದನ್ನು ಮನೆ ವಾಸನೆ ಎನ್ನುತ್ತಿದ್ದೆವು. ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವಾದ. ತಾತ ಮಣ್ಣು ಎನ್ನುತ್ತಿದ್ದ. ಅಪ್ಪ, ಬೆಳಗಿನ ಬಿಸಿಲು ಬೀಳುವ ಬಳ್ಳಿ ಎನ್ನುತ್ತಿದ್ದ. ಅಮ್ಮನ ಪ್ರಕಾರ ಅದು ಅಪ್ಪನ ಕೈಗುಣ. ಪೀಪಾಯಿಯ ಹೆಸರನ್ನು ಯಾರೂ ಎತ್ತಿರಲಿಲ್ಲ.

ಆ ಪೀಪಾಯಿಗಳ ವಿಷಯದಲ್ಲಿ ಅಪ್ಪನದು ಒಂದೇ ಕಟ್ಟಳೆ. ಖಾಲಿಯಾದ ಮೇಲೆ ತಣ್ಣೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಬೇಕು. ಬಿಸಿನೀರು ಕೂಡದು, ಬ್ರಷ್ ಕೂಡದು, ಒಳಗೆ ಗಂಧಕ ಸುಡುವುದಂತೂ ಕೂಡಲೇ ಕೂಡದು. ಬೇರೆ ಎಲ್ಲ ಪಾತ್ರೆಗೂ ಇದೆಲ್ಲ ಆಗುತ್ತಿತ್ತು, ಇವು ಮೂರಕ್ಕೆ ಮಾತ್ರ ಇಲ್ಲ. ಪ್ರತಿ ವರ್ಷ ಅಕ್ಕ ಇದಕ್ಕೆ ಜಗಳ ತೆಗೆಯುತ್ತಿದ್ದಳು.

"ಯಾಕಪ್ಪ ಬಿಸಿನೀರು ಬೇಡ?"

"ನಮ್ಮಪ್ಪ ಹಾಗೇ ಮಾಡ್ತಿದ್ದ."

"ಅವರ‍್ಯಾಕೆ ಹಾಗೆ ಮಾಡ್ತಿದ್ರು?"

"ಅವನನ್ನೇ ಕೇಳು ಹೋಗು. ದಾರಿ ಗೊತ್ತಲ್ಲ, ಸ್ಮಶಾನದ ಮೂಲೇಲಿದಾನೆ."

ಅಪ್ಪ ಜಿಪುಣ. ಹಲ್ಲುಜ್ಜುವ ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಸೀಳಿ ಒಳಗೆ ಬಳಿಯುವ ಮನುಷ್ಯ. ಹಾಗಾಗಿ ಇದೂ ಗ್ಯಾಸ್ ಉಳಿಸುವ ಉಪಾಯ ಎಂದೇ ನಾವೆಲ್ಲ ನಂಬಿದ್ದೆವು. ಅಪ್ಪನಿಗೂ ಅದಕ್ಕಿಂತ ಹೆಚ್ಚು ಗೊತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಅಪ್ಪ ಸತ್ತದ್ದು ಬೇಸಿಗೆಯ ಕೊನೆಯಲ್ಲಿ, ಬಾಟಲಿ ತುಂಬುವ ಕೆಲಸ ಮುಗಿದ ಮೇಲೆ, ಪೀಪಾಯಿ ತೊಳೆಯುವ ಮೊದಲು. ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

"ಇನ್ನು ಆ ಕೆಂಪು ಯಾರು ಮಾಡ್ತಾರೆ? ಹೆಣ್ಣುಮಕ್ಕಳ ಮೂಗು ಪೌಡರ್ ಡಬ್ಬಿಗೆ ಸರಿ. ಈ ಹುಡುಗನಿಗೋ ಡೀಸೆಲ್ ವಾಸನೆ ಬಿಟ್ಟು ಬೇರೆ ಗೊತ್ತಿಲ್ಲ."

ಹುಡುಗ ಅಂದರೆ ನಾನು. ಮಾತು ನಿಜ. ಅಕ್ಕ ಖಾಲಿ ಲೋಟಗಳನ್ನು ಎತ್ತುತ್ತಿದ್ದಳು. ಕೈಯಲ್ಲಿದ್ದ ಲೋಟಗಳನ್ನು ಕೆಳಗಿಡದೆಯೇ ಹೇಳಿದಳು.

"ಮುಂದಿನ ವರ್ಷ ಅದೇ ಕೆಂಪು, ಅದೇ ಚೀಟಿ. ನಾನು ಮಾಡ್ತೀನಿ. ಆಗಲಿಲ್ಲ ಅಂದ್ರೆ ದೊಡ್ಡಪ್ಪ, ಮೇಲಿನ ತೋಟ ನಿಮ್ಮ ಮಕ್ಕಳೇ ನೋಡಿಕೊಳ್ಳಲಿ."

ನೆಂಟರ ಮುಂದೆ ಆಡಿದ ಮಾತು. ದೊಡ್ಡಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಹೋದ.

ಮರುವಾರ ಅಕ್ಕ ಟಾರ್ಚ್ ಹಿಡಿದು ಅಜ್ಜನೊಳಗೆ ಇಣುಕಿದಳು. ಮುಖ ಎತ್ತಿದಾಗ ಬಿಳಿಚಿಕೊಂಡಿದ್ದಳು.

"ಬಾ ಇಲ್ಲಿ, ನೋಡು. ಇಷ್ಟು ವರ್ಷ ಇದರಲ್ಲಿಟ್ಟಿದ್ದನ್ನ ಜನಕ್ಕೆ ಕುಡಿಸಿದೀವಿ."

ನಾನೂ ಇಣುಕಿದೆ. ಹಲಗೆಗಳ ಮೇಲೆ ಬೆರಳು ದಪ್ಪದ ಕಪ್ಪು ಹಕ್ಕಳೆ, ಸಂದುಗಳಲ್ಲಿ ಜಿಬಿಜಿಬಿ ಲೋಳೆ, ಅಲ್ಲಲ್ಲಿ ಬೂದಿ ಬಣ್ಣದ ಪೊರೆ. ಮೂರರಲ್ಲೂ ಅದೇ ಕಥೆ.

ಸೋದರಮಾವನಿಗೆ ಫೋನ್ ಹೋಯಿತು. ಅಮ್ಮನ ತಮ್ಮ. ಪೀಪಾಯಿ ಕಟ್ಟುವುದು, ರಿಪೇರಿ ಮಾಡುವುದು ಅವನ ಕೆಲಸ. ಬಾಯಿ ಮಾತ್ರ ರಿಪೇರಿಗೆ ಮೀರಿದ್ದು. ಹಾಲಿನ ಡೈರಿಯಿಂದ ಹಬೆಯ ಯಂತ್ರವನ್ನು ಕೇಳಿ ತಂದ.

"ಏನು ತಾಯಿ, ಪೀಪಾಯಿಗೆ ಬಾಣಂತಿ ಸ್ನಾನ ಮಾಡಿಸ್ತೀಯಾ?"

"ಮಾಡಿಸ್ತೀನಿ. ಕ್ರಿಮಿ ಒಂದೂ ಉಳೀಬಾರದು ಮಾವ."

"ಉಳಿದ್ರೆ ನನ್ನ ಹೆಸರು ಬದಲಾಯಿಸು."

ಎರಡು ದಿನ ನಡೆಯಿತು. ಸೋಡಾ ಪುಡಿ ಕಲಸಿದ ಕುದಿನೀರು ಒಂದು ಸಲ, ಬರೀ ಕುದಿನೀರು ಒಂದು ಸಲ, ಆಮೇಲೆ ಹಬೆ. ಮಾವ ಒಂದು ಕಡೆಯ ಮುಚ್ಚಳದ ಹಲಗೆಗಳನ್ನೇ ಬಿಚ್ಚಿದ, ಅಕ್ಕ ಒಳಗೆ ಅರ್ಧ ಮೈ ತೂರಿಸಿ ತಂತಿ ಬ್ರಷ್ಷಿನಿಂದ ಕೆರೆದಳು. ಅಂಗಳದ ಮೋರಿಯಲ್ಲಿ ಡಾಂಬರಿನಂಥದ್ದು ಹರಿಯಿತು. ಕೊನೆಗೆ ಹಲಗೆ ಜೋಡಿಸಿ, ಒಳಗೆ ಗಂಧಕದ ಬತ್ತಿ ಹಚ್ಚಿ ಬಾಯಿ ಮುಚ್ಚಿದರು. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ನಿಮ್ಮಪ್ಪ ಇದ್ದಿದ್ರೆ..." ಎಂದಳು.

"ಇದ್ದಿದ್ರೆ ಬೈತಿದ್ದ," ಎಂದಳು ಅಕ್ಕ. "ಇಲ್ಲವಲ್ಲ."

ಒರಟು ಮಾತು. ಆದರೆ ಅಪ್ಪ ಸತ್ತ ಮೇಲೆ ಅಕ್ಕನ ಮುಖದಲ್ಲಿ ಗೆಲುವು ಕಂಡದ್ದು ಆ ಎರಡು ದಿನ ಮಾತ್ರ. ಒಣಗಿದ ಪೀಪಾಯಿಯೊಳಗೆ ತಲೆ ಹಾಕಿ ಉಸಿರೆಳೆದುಕೊಂಡು, "ಮರದ ವಾಸನೆ ಬರ್ತಿದೆ, ಬರೀ ಮರದ್ದು," ಎಂದು ನನ್ನನ್ನೂ ಕರೆದು ಮೂಸಿಸಿದಳು.

ಆ ವರ್ಷದ ಕೊಯ್ಲು ನನಗೆ ನೆನಪಿರುವುದು ಬೆನ್ನುನೋವಾಗಿ. ಅಪ್ಪ ಮಾಡುತ್ತಿದ್ದ ಕೆಲಸ ಎಷ್ಟು ಅಂತ ಅವನು ಹೋದ ಮೇಲೆ ಗೊತ್ತಾಯಿತು. ಅಕ್ಕ ಹಣ್ಣು ಆರಿಸಿದಳು, ತೊಟ್ಟಿಯಲ್ಲಿ ಉಕ್ಕಿ ಬರುವ ಸಿಪ್ಪೆಯನ್ನು ದಿನಕ್ಕೆ ನಾಲ್ಕಾರು ಸಲ ಕೋಲಿನಿಂದ ಒತ್ತಿ ಮುಳುಗಿಸಿದಳು, ರಸ ಹಿಂಡಿಸಿ ಪೀಪಾಯಿಗಿಳಿಸಿದಳು. ಹಿಂಡುವ ಯಂತ್ರದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲೇ ನಿದ್ದೆ. ಕೈಗವಸು ಹಾಕಿಕೊಳ್ಳುವುದನ್ನು ಮರೆತಳು. ಊಟದ ತಟ್ಟೆಯನ್ನು ಬೆಳಕಿಗೆ ಹಿಡಿಯುವುದನ್ನೂ.

ಅಮ್ಮನದು ಬೇರೆ ಲೋಕ. ಪ್ರತಿ ವರ್ಷ ಬಾಟಲಿ ತುಂಬಿದ ಮೇಲೆ ಮನೆಯ ಪಾಲು ಅಂತ ನಾಲ್ಕು ಪೆಟ್ಟಿಗೆ ಮೆಟ್ಟಿಲ ಕೆಳಗಿನ ಗೂಡು ಸೇರುತ್ತಿತ್ತು. ಅಪ್ಪನ ಕೊನೆಯ ವರ್ಷದ್ದು ಅಲ್ಲಿತ್ತು. ಹಿಂದಿನ ವರ್ಷಗಳದ್ದನ್ನೆಲ್ಲ ಅವನು ನೆಂಟರಿಗೆ ಹಂಚಿಯೋ ಕುಡಿದೋ ಮುಗಿಸಿದ್ದ. ವೈನಿನಲ್ಲಿ ಮಾತ್ರ ಜಿಪುಣನಾಗಿರಲಿಲ್ಲ. ತಿಂಗಳ ಮೊದಲ ಭಾನುವಾರ ಅಮ್ಮ ಒಂದು ಬಾಟಲಿ ತೆಗೆದು ನಮ್ಮೆಲ್ಲರಿಗೂ ಸುರಿದು, ತನ್ನ ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕೂರುತ್ತಿದ್ದಳು.

"ತಿಂಗಳಿಗೊಂದು," ಎಂದಿದ್ದಳು ಒಮ್ಮೆ. "ಅದು ಖಾಲಿಯಾಗೋ ಹೊತ್ತಿಗೆ ನಾನೂ ಖಾಲಿ. ಲೆಕ್ಕ ಸರಿಹೋಗತ್ತೆ."

"ನಿನ್ನ ಲೆಕ್ಕ ಯಾವತ್ತು ಸರಿಹೋಗಿದೆ, ಸುಮ್ನಿರು," ಎಂದಿದ್ದ ಮಾವ.

ಚಳಿ ಕಳೆದ ಮೇಲೆ ಸಾಹುಕಾರರು ರುಚಿ ನೋಡಲು ಬಂದರು. ತಾತನ ಕಾಲದಿಂದ ಮೂರು ಪೀಪಾಯಿಯ ಮಾಲನ್ನೂ ಅವರ ಮನೆಯವರೇ ಕೊಳ್ಳುವುದು. ಬೇರೆ ವ್ಯಾಪಾರಿಗಳು ಬಾಯಲ್ಲಿ ಮುಕ್ಕಳಿಸಿ, ಉಗಿದು, ಮತ್ತೆ ಕುಡಿದು ದೊಡ್ಡ ನಾಟಕ ಮಾಡುತ್ತಾರೆ. ಇವರು ಒಂದೇ ಗುಟುಕು ನುಂಗಿ ತೀರ್ಮಾನ ಹೇಳುವವರು. ಅದಕ್ಕೇ ಅವರ ಬೆನ್ನ ಹಿಂದೆ ಎಲ್ಲರಿಗೂ ಅವರು ಗುಟುಕು ಸಾಹುಕಾರರು. ತಮ್ಮದೇ ಲೋಟವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದರು.

ಅಕ್ಕ ಗಾಜಿನ ಕೊಳವೆಯಿಂದ ಅಜ್ಜನೊಳಗಿನ ವೈನ್ ಎಳೆದು ಅವರ ಲೋಟಕ್ಕೆ ಬಿಟ್ಟಳು. ಅವರು ಮೂಸಿದರು. ಇನ್ನೊಮ್ಮೆ ಮೂಸಿದರು. ಒಂದು ಗುಟುಕು ಕುಡಿದರು. ಆಮೇಲೆ ಎರಡನೆಯ ಗುಟುಕು ಕುಡಿದರು. ಅದನ್ನು ನಮ್ಮಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

"ಚೆನ್ನಾಗಿದೆ," ಎಂದರು. "ತುಂಬಾ ಚೆನ್ನಾಗಿದೆ. ಯಾರದಮ್ಮ ಇದು?"

ತಮಾಷೆ ಅಂದುಕೊಂಡು ಅಕ್ಕ ನಕ್ಕಳು. ಅವರು ನಗಲಿಲ್ಲ. ಅಜ್ಜಿಯದ್ದನ್ನೂ ಕುಂಟನದ್ದನ್ನೂ ನೋಡಿದರು. ಲೋಟ ಒರೆಸಿ ಚೀಲದಲ್ಲಿಟ್ಟರು.

"ನನ್ನ ಗಿರಾಕಿಗಳು ಕಣ್ಮುಚ್ಚಿ ಮೂಸಿದ್ರೂ ನಿಮ್ಮ ಮನೆ ಹೆಸರು ಹೇಳ್ತಾರೆ. ಇದನ್ನ ಮೂಸಿದ್ರೆ ದ್ರಾಕ್ಷಿ ಅಂತಾರೆ. ದ್ರಾಕ್ಷಿ ಎಲ್ಲರ ತೋಟದಲ್ಲೂ ಇದೆಯಲ್ಲಮ್ಮ."

"ಇನ್ನೂ ಎಳೇದು. ಬರತ್ತೆ ವಾಸನೆ."

"ನಿಮ್ಮಪ್ಪನದರಲ್ಲಿ ಈ ಹೊತ್ತಿಗೆ ಬಂದಿರ‍್ತಿತ್ತು. ಇದು ಒಳ್ಳೇ ವೈನ್, ಇಲ್ಲ ಅನ್ನಲ್ಲ. ಹೋಟೆಲಿಗೆ ಹಾಕಿ, ಚಪ್ಪರಿಸ್ಕೊಂಡು ಕುಡೀತಾರೆ. ಆದ್ರೆ ಈ ಮನೆ ಚೀಟಿ ಅಂಟಿಸಿ ನಾನು ಮಾರಕ್ಕಾಗಲ್ಲ." ಮೆಟ್ಟಿಲು ಹತ್ತುವಾಗ ನಿಂತರು. "ಕೊಯ್ಲಿಗೆ ಮುಂಚೆ ಇನ್ನೊಂದು ಸಲ ಬರ‍್ತೀನಿ. ನಿಮ್ಮಪ್ಪನ ಮುಖ ನೋಡಿ."

ಅವರ ಕಾರು ಹೋದ ಮೇಲೆ ಮಾವ, "ಗುಟುಕಿಗೆ ನೆಗಡಿ ಆಗಿರ‍್ಬೇಕು," ಎಂದ.

ಮರುದಿನ ಅಕ್ಕ ನನ್ನ ವ್ಯಾನಿನಲ್ಲೇ ಪಟ್ಟಣದ ಪರೀಕ್ಷಾಲಯಕ್ಕೆ ಬಂದಳು. ಮಡಿಲಲ್ಲಿ ಎರಡು ಬಾಟಲಿ, ಒಂದು ಅವಳದ್ದು, ಒಂದು ಅಪ್ಪನದ್ದು. ಅಪ್ಪನದ್ದು ಆ ತಿಂಗಳ ಭಾನುವಾರಕ್ಕೆಂದು ಅಮ್ಮ ತೆಗೆದಿಟ್ಟಿದ್ದ ಬಾಟಲಿ. ವಾರ ಬಿಟ್ಟು ಹೋದಾಗ ಅಲ್ಲಿಯ ಮೇಡಮ್ಮು, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡ ಹೆಂಗಸು, ಬಿಸ್ಕತ್ತು ತಿನ್ನುತ್ತಿದ್ದರು.

"ಇದು ಸೊಗಸಾಗಿದೆ," ಎಂದು ಅಕ್ಕನ ಬಾಟಲಿಯನ್ನು ಬೆರಳಿನಿಂದ ತಟ್ಟಿದರು. "ಒಂದೇ ಒಂದು ದೋಷ ಇಲ್ಲ. ಯಾರು ಮಾಡಿದ್ದು?"

"ನಾನು."

"ಭೇಷ್. ಇನ್ನೊಂದು ಮಾಡಿದವರಿಗೆ ಸ್ವಲ್ಪ ಹೇಳಿ. ಅದರ ತಳದ ಗಸೀಲಿ ಕೆಟ್ಟ ಯೀಸ್ಟ್ ಇದೆ, ಜೀವಂತವಾಗಿದೆ. ಹಳೇ ಪೀಪಾಯಿ ಹಲಗೆ ಒಳಗೆ ಸೇರಿಕೊಂಡಿರತ್ತೆ. ಈ ಚರ್ಮದ ವಾಸನೆ ಬರೋದು ಅದರಿಂದಾನೇ. ಪೀಪಾಯಿಗೆ ಚೆನ್ನಾಗಿ ಹಬೆ ಹಿಡೀಬೇಕು, ಗಂಧಕ ಸುಡಬೇಕು, ಹೋಗತ್ತೆ."

ಅಕ್ಕ ಕುರ್ಚಿಯಲ್ಲಿ ಕೂತಳು. ಯಾರೂ ಕೂರಲು ಹೇಳಿರಲಿಲ್ಲ.

"ಹೋಗಿದ್ದು ವಾಪಸ್ ಬರಬೇಕು ಅಂದ್ರೆ?"

ಮೇಡಮ್ಮಿಗೆ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. "ಇದನ್ನ ತೆಗೀರಿ ಅಂತ ನನ್ನ ಹತ್ರ ಬರೋರೇ ಎಲ್ಲ. ಹಾಕಿಕೊಡಿ ಅಂತ ಯಾರೂ ಬಂದಿಲ್ಲ."

"ಬಾಟಲಿ ಗಸೀಲಿ ಜೀವಂತ ಇದೆ ಅಂದ್ರಲ್ಲ. ಅದನ್ನ ಪೀಪಾಯಿಗೆ ಹಾಕಿದ್ರೆ?"

"ಬೆಳೀಬಹುದು. ಎಷ್ಟು ಬೆಳೆಯತ್ತೆ, ಎಲ್ಲಿ ನಿಲ್ಲತ್ತೆ ಅಂತ ಮಾತ್ರ ನನ್ನ ಕೇಳಬೇಡಿ. ನಿಮ್ಮ ಹಳೇ ಪೀಪಾಯೀಲಿ ನೂರೆಂಟು ಜೀವ ಒಂದನ್ನೊಂದು ಹದ್ದುಬಸ್ತಲ್ಲಿ ಇಟ್ಕೊಂಡಿದ್ವು. ಈಗ ಅಲ್ಲಿ ಯಾರೂ ಇಲ್ಲವಲ್ಲ. ಮಿತಿ ಮೀರಿದ್ರೆ ತಕ್ಷಣ ಗಂಧಕ ಹಾಕಿ, ನಿಲ್ಲತ್ತೆ."

ಅಕ್ಕ ವ್ಯಾನ್ ಹತ್ತಿದಳು. ಊರು ಹತ್ತಿರ ಬಂದಾಗ, "ಒಂದೂ ಉಳೀಬಾರದು ಅಂದಿದ್ದೆ," ಎಂದಳು. ನಾನು ಗೇರ್ ಬದಲಾಯಿಸಿದೆ.

ಅಮ್ಮ ಅಡುಗೆಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಕ್ಕ ಎಲ್ಲವನ್ನೂ ಹೇಳಿದಳು. ಗೂಡಿನಲ್ಲಿ ಎಷ್ಟು ಬಾಟಲಿ ಇವೆ ಎಂದು ಕೇಳಿದಳು.

"ನಲವತ್ತು," ಎಂದಳು ಅಮ್ಮ. ಹೋಗಿ ಎಣಿಸುವ ಅಗತ್ಯ ಬೀಳಲಿಲ್ಲ. "ಅದು ನಂದು."

"ಗೊತ್ತಮ್ಮ."

"ನಿನ್ನ ಮಾತಿಗೆ, ನಿನ್ನ ಹಟಕ್ಕೆ, ನನ್ನ ಬಾಟಲಿ ಯಾಕೆ?"

"ಕೆಂಪು ಆಗಲಿಲ್ಲ ಅಂದ್ರೆ ತೋಟ ದೊಡ್ಡಪ್ಪನಿಗೆ ಹೋಗತ್ತೆ. ಆಯ್ತು ಅಂದ್ರೆ ಪ್ರತಿ ವರ್ಷ ನಿನಗೆ ನಾಲ್ಕು ಪೆಟ್ಟಿಗೆ."

"ನಂಗೆ ಪ್ರತಿ ವರ್ಷದ್ದು ಬೇಡ ಕಣೇ. ಅವರು ಮಾಡಿದ್ದು ಸಾಕು."

ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಚೌಕಟ್ಟಿಗೆ ಒರಗಿದ್ದಳು.

"ಒಂದು ಬಿಟ್ಟು ಉಳಿದಿದ್ದೆಲ್ಲ ತಗೊಂಡು ಹೋಗು," ಎಂದಳು ಅಮ್ಮ. "ಬರೀ ಬಾಟಲಿ ತಂದು ನನ್ನ ಕಣ್ಮುಂದೆ ಇಡಬೇಡ."

ಮಾವ ಬಂದು, ಒಂದೇ ಪೀಪಾಯಿಯಲ್ಲಿ ಮೊದಲು ನೋಡು ಎಂದ. "ಕುಂಟನ ಮೇಲೆ ಪ್ರಯೋಗ ಮಾಡು. ಹಾಳಾದ್ರೆ ಅವನೊಬ್ಬ ಹಾಳಾಗ್ಲಿ."

"ಸಾಹುಕಾರರು ತಗೊಳ್ಳೋದು ಮೂರೂ ಸೇರಿಸಿದ್ದನ್ನ. ಒಂದರಲ್ಲಿ ಮಾತ್ರ ವಾಸನೆ ಬಂದ್ರೆ ಏನು ಮಾಡ್ಲಿ? ಮತ್ತೆ ಒಂದು ವರ್ಷ ಕಾಯ್ಲಾ?"

"ಕಾಯಬೇಕು."

"ನನಗೆ ಆಗಲ್ಲ ಮಾವ."

ಆ ದನಿಯಲ್ಲಿ ಹಟ ಇರಲಿಲ್ಲ. ಬೆಳಗಿನಿಂದ ನಿಂತೇ ಇದ್ದವಳು ಕೂರಲು ಜಾಗ ಕೇಳುವ ಹಾಗಿತ್ತು, ಅಷ್ಟೇ. ಪ್ರತಿ ಪೀಪಾಯಿಯಿಂದ ಸ್ವಲ್ಪ ವೈನ್ ತೆಗೆದು ಹೋಟೆಲಿನ ಟ್ಯಾಂಕಿಗೆ ಹಾಕಿ ಜಾಗ ಮಾಡಿದೆವು. ಅಪ್ಪನ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಗಸಿ ಸಮೇತ ಕುಲುಕಿ, ಪೀಪಾಯಿಗೆ ಹದಿಮೂರರಂತೆ ಸುರಿದೆವು. ನೆಲಮಾಳಿಗೆ ತುಂಬ ಚಪ್ಪಲಿ ಅಂಗಡಿಯ ವಾಸನೆ. ಮಾವ ಬಿರಡೆ ತೆಗೆಯುವ ತಿರುಪನ್ನು ಒರೆಸುತ್ತಾ, "ಭಾವನ್ನ ಎರಡನೇ ಸಲ ಮಣ್ಣು ಮಾಡ್ದಂಗಾಯ್ತು," ಎಂದ.

ಮೊದಲ ವಾರಗಳು ಏನೂ ಇಲ್ಲ. ಆಮೇಲೆ ಬಿಸಿಲು ಏರಿತು. ಒಂದು ಬೆಳಿಗ್ಗೆ ಕೊಳವೆ ಎಳೆದು ಮೂಸಿದ ಅಕ್ಕ ಮೆಟ್ಟಿಲು ಹತ್ತಿ ಓಡಿ ಬಂದು ಅಮ್ಮನ ಕೈ ಹಿಡಿದು ಕೆಳಗೆ ಕರೆದೊಯ್ದಳು. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿಗೆ ಇಳಿದಿರಲಿಲ್ಲ. ಲೋಟಕ್ಕೆ ಮೂಗು ಕೊಟ್ಟಳು.

"ಬಂದ್ರು," ಎಂದಳು. ಅಪ್ಪ ಪೇಟೆಯಿಂದ ವಾಪಸಾದಾಗ ಅವಳು ಹೇಳುತ್ತಿದ್ದ ಹಾಗೆಯೇ.

ಆ ದಿನ ನಿಲ್ಲಿಸಬೇಕಿತ್ತು. ಈಗ ಹೇಳುವುದು ಸುಲಭ. ಆ ದಿನ ವಾಸನೆ ಇನ್ನೂ ತೆಳುವಾಗಿತ್ತು, ಅಪ್ಪನದರ ಅರ್ಧವೂ ಇರಲಿಲ್ಲ. ಇನ್ನಷ್ಟು ಬರಲಿ ಎಂದಳು ಅಕ್ಕ. ಬಂತು. ಹದಿನೈದು ದಿನಕ್ಕೆ ಚಪ್ಪಲಿ ಅಂಗಡಿ ಸರಿಯಾಗಿ ಬಂತು. ಅಲ್ಲಿಗೆ ನಿಲ್ಲಲಿಲ್ಲ. ಲವಂಗ ಹೋಯಿತು, ದ್ರಾಕ್ಷಿ ಹೋಯಿತು. ಕುದುರೆ ಲಾಯದ ವಾಸನೆ ಹೊಡೆಯತೊಡಗಿತು.

"ಗಂಧಕ ಹಾಕು," ಎಂದ ಮಾವ.

"ಇನ್ನೊಂದು ವಾರ ನೋಡೋಣ. ತಾನೇ ಇಳಿಯತ್ತೆ."

"ಏ ಹುಡುಗಿ, ಆ ಮೇಡಮ್ಮು ಏನಂದಿದ್ರು? ಮಿತಿ ಮೀರಿದ್ರೆ ಹಾಕು ಅಂದಿದ್ರು. ಇದು ಮೀರಿಲ್ವಾ?"

"ಹಾಕಿದ್ರೆ ಎಲ್ಲಾ ಸಾಯತ್ತೆ ಮಾವ. ಒಂದು ಸಲ ಸಾಯಿಸಿದೀನಿ. ಇನ್ನೊಂದು ಸಲ ತರೋದಕ್ಕೆ ಬಾಟಲಿ ಎಲ್ಲಿದೆ?"

ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ನಮ್ಮಕ್ಕ, ಪೀಪಾಯಿಯ ಬಾಯಿಯ ಸುತ್ತ ಕಟ್ಟಿದ ಬೂಷ್ಟನ್ನು ಒರೆಸಲು ಹೋದ ನನ್ನ ಕೈ ಹಿಡಿದು ತಡೆದಳು. ಮುಟ್ಟಬೇಡ, ಅದಕ್ಕೆ ತೊಂದರೆ ಆಗತ್ತೆ ಎಂದಳು. ನೆಲಮಾಳಿಗೆಯ ನೆಲ ತೊಳೆಯುವುದನ್ನೂ ಬಿಟ್ಟಳು. ಸೆಕೆ ಇಳಿಸಲು ಗೋಣಿಚೀಲ ನೆನೆಸಿ ಪೀಪಾಯಿಗಳ ಮೇಲೆ ಹೊದಿಸಿದಳು, ಒಣಗಿದ ಹಾಗೆಲ್ಲ ಮತ್ತೆ ನೆನೆಸಿದಳು. ದಿನವಿಡೀ ಅದೇ ಕೆಲಸ. ಜ್ವರ ಬಂದ ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕುವವಳ ಹಾಗೆ ಓಡಾಡುತ್ತಿದ್ದಳು. ಅವಳ ಮೈಗೂ ಅದೇ ವಾಸನೆ ಹತ್ತಿತ್ತು. ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಕುಂಟ ಮೊದಲು ಕೈಕೊಟ್ಟ. ಮರದ ತುಂಡು ಜಾರಿ ಒಂದು ಕಡೆ ವಾಲಿದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಬಾಯಿಯಿಂದ ಒಸರಿ ವೈನ್ ಇಳಿದು, ಆ ಜಾಗಕ್ಕೆ ಗಾಳಿ ಸೇರಿ, ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವ ಹುಳಿ. ವಿನೆಗರ್. ಅವತ್ತು ಸಂಜೆ ಅಕ್ಕ ತಾನೇ ಗಂಧಕದ ಪುಡಿ ಅಳೆದು ಅಜ್ಜನಿಗೂ ಅಜ್ಜಿಗೂ ಹಾಕಿದಳು. ಬೆಳೆಯುವುದೇನೋ ನಿಂತಿತು. ಬೆಳೆದದ್ದು ಇಳಿಯಲಿಲ್ಲ.

ಹೇಳಿದಂತೆ ಸಾಹುಕಾರರು ಕೊಯ್ಲಿಗೆ ಮುಂಚೆ ಬಂದರು. ಜೊತೆಗೆ ದೊಡ್ಡಪ್ಪನೂ ಬಂದಿದ್ದ, ದಾರಿಯಲ್ಲಿ ಸಿಕ್ಕರು ಎಂದ. ಅಕ್ಕ ಅಜ್ಜಿಯದ್ದನ್ನು ಲೋಟಕ್ಕೆ ಬಿಟ್ಟಳು. ಸಾಹುಕಾರರು ಲೋಟವನ್ನು ಮೂಗಿನ ಹತ್ತಿರ ತಂದು ತಕ್ಷಣ ದೂರ ಹಿಡಿದರು. ಆದರೂ ಮರ್ಯಾದಸ್ಥರು, ಒಂದು ಗುಟುಕು ನುಂಗಿದರು.

"ಹೂಂ. ಈ ಸಲ ನಿಮ್ಮ ಮನೇದೇ. ಅನುಮಾನ ಇಲ್ಲ," ಎಂದರು. ಲೋಟ ಕೆಳಗಿಟ್ಟರು. "ಆದ್ರೆ ಕುಡಿಯಕ್ಕಾಗಲ್ಲಮ್ಮ."

"ನೆನೆದ ನಾಯಿ ವಾಸನೆ," ಎಂದ ದೊಡ್ಡಪ್ಪ, ಯಾರೂ ಕೇಳದಿದ್ದರೂ.

"ಹೌದು ದೊಡ್ಡಪ್ಪ," ಎಂದಳು ಅಕ್ಕ. "ಮೇಲಿನ ತೋಟದ ಬೀಗದ ಕೈ ಮೊಳೆಗೆ ನೇತುಹಾಕಿದೆ. ಹೋಗ್ತಾ ತಗೊಂಡು ಹೋಗಿ."

ದೊಡ್ಡಪ್ಪನಿಗೆ ಒಂದು ಕ್ಷಣ ನಾಚಿಕೆಯಾದ ಹಾಗೆ ಕಂಡಿತು. ಕೀ ಮಾತ್ರ ಮರೆಯದೆ ತೆಗೆದುಕೊಂಡ.

ಹೋಟೆಲಿನವರಿಗೂ ಕೊಡುವ ಹಾಗಿರಲಿಲ್ಲ. ಮೂರೂ ಪೀಪಾಯಿಯನ್ನು ಅಂಗಳದ ಮೋರಿಗೆ ಬಿಟ್ಟೆವು. ಇಡೀ ಮಧ್ಯಾಹ್ನ ಹರಿಯಿತು. ಆಮೇಲೆ ಮಾವ ಗರಗಸ ತಂದ. ವಿನೆಗರ್ ಹಿಡಿದ ಪೀಪಾಯಿ ವೈನಿಗೆ ಬರುವುದಿಲ್ಲ, ಉಳಿದೆರಡನ್ನು ಯಾರೂ ಕೊಳ್ಳುವುದಿಲ್ಲ. ಅಡ್ಡಕ್ಕೆ ಕೊಯ್ದು ಹೂಗಿಡದ ತೊಟ್ಟಿ ಮಾಡುತ್ತೇನೆ ಎಂದ.

"ಮೊದಲು ಒಳಗೆ ತೊಳೀಬೇಕಾ?" ಎಂದು ಅಕ್ಕನನ್ನು ಕೇಳಿದ. ಚುಚ್ಚಬೇಕು ಅಂತ ಕೇಳಿದ್ದಲ್ಲ. ಆ ಕೆಲಸದಲ್ಲಿ ಕೇಳುವ ಮಾತೇ ಅದು.

"ಬೇಡ," ಎಂದಳು.

ತಿಂಗಳ ಮೊದಲ ಭಾನುವಾರ ಅಮ್ಮ ಉಳಿಸಿಕೊಂಡಿದ್ದ ಬಾಟಲಿಯನ್ನು ಗೂಡಿನಿಂದ ತೆಗೆದಳು. ಇನ್ನೂ ಸ್ವಲ್ಪ ದಿನ ಇಟ್ಟುಕೋ ಎಂದು ಮಾವ ಹೇಳಿ ನೋಡಿದ. "ಯಾತಕ್ಕೆ?" ಎಂದಳು ಅಮ್ಮ. ನಾಲ್ಕು ಲೋಟಕ್ಕೆ ಸುರಿದಳು. ಮೂರು ಲೋಟ ಖಾಲಿಯಾದವು. ಅಕ್ಕ ತನ್ನದನ್ನು ಮೂಸಿ ಕೆಳಗಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಅದನ್ನೂ ಕುಡಿದಳು.

ಆಮೇಲೆ ಅಕ್ಕ ಎದ್ದು ಲೋಟಗಳನ್ನೂ ಬಾಟಲಿಯನ್ನೂ ಸಿಂಕಿಗೆ ಒಯ್ದಳು. ಬಿಸಿನೀರಿನ ನಲ್ಲಿ ತಿರುಗಿಸಿದ್ದು, ಬಾಟಲಿಯೊಳಗೆ ಬ್ರಷ್ ಆಡಿಸಿದ್ದು ನಮಗೆ ಕೇಳಿಸಿತು. ಅಮ್ಮ ಒಮ್ಮೆ ತಲೆ ಎತ್ತಿದಳು. ಮಾವ ನನ್ನ ಮುಖ ನೋಡಿದ. ಬಾಟಲಿಯ ತಳದಲ್ಲಿ ಚಮಚದಷ್ಟು ಗಸಿ ಇದ್ದಿರಬೇಕು. ಅಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕಿದಳು.

ಹೋದದ್ದು ಇಷ್ಟು: ಮೂರು ಪೀಪಾಯಿ ವೈನ್, ಮೂರು ಪೀಪಾಯಿ, ಅಪ್ಪನ ನಲವತ್ತು ಬಾಟಲಿ, ಒಂದು ತೋಟ, ಒಬ್ಬ ಸಾಹುಕಾರ.